ಮಗುವಿನ ಆಟ, ಹಿರಿಯರ ಸಂಕಲ್ಪ

ಆಟವು ಮಗುವಿಗೆ ಹುಟ್ಟಿನೊಡನೆ ಬಂದದ್ದು. ಪಾಠವು ಹಿರಿಯರಿಂದ ಬರತಕ್ಕದ್ದು. ಇವೆರಡನ್ನೂ ಒಂದೇ ನೊಗಕ್ಕೆ ಹೂಡುವ ಪ್ರಯತ್ನವು ಕಳೆದ ನೂರೈವತ್ತು ಇನ್ನೂರು ವರ್ಷಗಳಿಂದ ಜಗತ್ತಿನ ಹಲವೆಡೆ ನಡೆದುಬಂದಿದೆ. ಶಾಲೆಯಲ್ಲಿ ಅಕ್ಷರ ಕಲಿಸಲು ಆಟ, ತೊದಲುವ ಮಗುವಿಗೆ ಮಾತು ಬರಿಸಲು ಆಟ, ಹೆದರಿ ಮೌನವಾದ ಮಗುವಿನ ಮನಸ್ಸನ್ನು ಅರಿಯಲು ಆಟ. ಇದರಿಂದ ಆಗಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಫಲ ಒಳ್ಳೆಯದಾಯಿತೆಂಬ ಮಾತ್ರಕ್ಕೆ ಸಾಧನವೂ ಶುದ್ಧವಾಯಿತೆಂದು ಜೈನಧರ್ಮ ಒಪ್ಪುವುದಿಲ್ಲ. ಮಗು ತನ್ನ ಸಂತೋಷಕ್ಕಾಗಿ ಆಡುವ ಆಟವನ್ನು ಹಿರಿಯರು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳಬಹುದೆ? ಬಳಸಿಕೊಳ್ಳುವುದಾದರೆ ಅದರ ಮರ್ಯಾದೆ ಯಾವುದು? ಶ್ರಾವಕರು ವಿಚಾರ ಮಾಡಬೇಕಾದ ಪ್ರಶ್ನೆಯಿದು.

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ತಿರ್ಲಾಪುರದಂಥ ಎರೆಭೂಮಿಯ ಊರುಗಳಲ್ಲಿ ಆಟ ಮತ್ತು ಕಲಿಕೆಯ ಸಂಬಂಧ ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಕರಿಮಣ್ಣಿನಿಂದ ಎತ್ತು ಮಾಡುವ ಮಗುವಿಗೆ ಯಾರೂ ಪಾಠ ಹೇಳುವುದಿಲ್ಲ. ಆದರೂ ಮಣ್ಣಿಗೆ ನೀರು ಎಷ್ಟು ಬೇಕು, ಕೋಡು ಮುರಿಯದಂತೆ ಹೇಗೆ ಕೂಡಿಸಬೇಕು ಎಂಬುದನ್ನು ಅದು ತಾನೇ ಕಂಡುಕೊಳ್ಳುತ್ತದೆ. ಚಿಣಿಫಣಿಯಲ್ಲಿ ಎಣಿಕೆ ಬರುತ್ತದೆ. ಚೌಕಾಬಾರದಲ್ಲಿ ತನ್ನ ಸರದಿ ಬರುವವರೆಗೆ ಕಾಯುವ ತಾಳ್ಮೆ ಬರುತ್ತದೆ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಯ ಚಿತ್ತಾರಗಳಲ್ಲಿ ಪಗಡೆಯ ಪಟ್ಟಿಯೂ ಒಂದಾಗಿರುವುದನ್ನು ನೋಡಿದರೆ ಈ ಸೀಮೆಯ ಮನೆಗಳಲ್ಲಿ ಆಟಕ್ಕಿದ್ದ ಸ್ಥಾನ ತಿಳಿಯುತ್ತದೆ. ಇಷ್ಟಾದರೂ ಮಗ ಓದಿನಲ್ಲಿ ಹಿಂದೆ ಬಿದ್ದರೆ 'ಆಡಿ ಆಡಿ ಹಾಳಾದ' ಎನ್ನುವುದು ರೂಢಿ. ಆಟ ಬಯಲಿನದು, ಪಾಠ ಶಾಲೆಯದು ಎಂಬ ಗೆರೆಯನ್ನು ಹಿರಿಯರೇ ಎಳೆದಿದ್ದರು.

ಆ ಗೆರೆಯನ್ನು ಅಳಿಸುವ ಕೆಲಸವನ್ನು ಜರ್ಮನಿಯಲ್ಲಿ 1837ರಷ್ಟು ಹಿಂದೆಯೇ ಫ್ರೋಬೆಲ್ ಆರಂಭಿಸಿದರು. ವಕೀಲಿ ವೃತ್ತಿಯನ್ನು ಬಿಟ್ಟು ಮಕ್ಕಳ ಕಡೆಗೆ ತಿರುಗಿದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತದ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಕರ್ನಾಟಕದಲ್ಲಿ ಈ ವಿಚಾರಕ್ಕೆ ದೊಡ್ಡ ರೂಪ ಸಿಕ್ಕಿದ್ದು 'ನಲಿ-ಕಲಿ'ಯಿಂದ. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ ಇದನ್ನು ಪ್ರಾರಂಭಿಸಿದರು. 2009-10ರಿಂದ ಅದು ರಾಜ್ಯದ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಹಾಡು, ಆಟ, ಚಿತ್ರದ ಕಾರ್ಡುಗಳು, ಗೋಡೆಯ ಮೇಲೆ 'ಕಲಿಕಾ ಏಣಿ', ನೆಲದ ಮೇಲೆ ಗುಂಪುಗುಂಪಾಗಿ ಕುಳಿತ ಮಕ್ಕಳು ಇದರ ಲಕ್ಷಣ. ಮಗು ತನ್ನ ವೇಗದಲ್ಲಿ ಏಣಿಯ ಮೆಟ್ಟಿಲುಗಳನ್ನು ಏರುತ್ತದೆ. ಸುಗ್ಗಿಯ ಕಾಲದಲ್ಲಿ ಎಂಟು ದಿನ ಶಾಲೆ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಅದೇ 2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿ, ಚಟುವಟಿಕೆಯ ಮೂಲಕ ಕಲಿಸಬೇಕೆಂದು ವಿಧಿಸಿತು.

ಚಿಕಿತ್ಸೆಯಲ್ಲಿ ಆಟದ ಸ್ಥಾನ ಇನ್ನೂ ಸೂಕ್ಷ್ಮವಾದದ್ದು. ದೊಡ್ಡವರು ತಮ್ಮ ನೋವನ್ನು ಮಾತಿನಲ್ಲಿ ಹೇಳಬಲ್ಲರು. ಆರು ವರ್ಷದ ಮಗುವನ್ನು 'ನಿನಗೆ ಏನು ದುಃಖ?' ಎಂದು ಕೇಳಿದರೆ ಅದು ನೆಲ ನೋಡುತ್ತದೆ. ಅದೇ ಮಗುವಿನ ಮುಂದೆ ನಾಲ್ಕು ಗೊಂಬೆಗಳನ್ನೂ ಒಂದು ಆಟಿಗೆಯ ಮನೆಯನ್ನೂ ಇಟ್ಟರೆ, ಯಾವ ಗೊಂಬೆ ಮೂಲೆಯಲ್ಲಿ ಅಡಗುತ್ತದೆ, ಯಾವುದು ಹೊಡೆಯುತ್ತದೆ ಎಂಬುದು ಕ್ರಮೇಣ ಹೊರಬರುತ್ತದೆ. 1920ರ ದಶಕದಲ್ಲಿ ಯುರೋಪಿನ ಆನಾ ಫ್ರಾಯ್ಡ್ ಮತ್ತು ಮೆಲಾನಿ ಕ್ಲೈನ್ ಈ ದಾರಿಯನ್ನು ಹಿಡಿದರು. ಅಮೇರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಟದ ಚಿಕಿತ್ಸೆಗೆ ಎಂಟು ನಿಯಮಗಳನ್ನು ಹೇಳಿದರು. ಮಗುವನ್ನು ಇದ್ದಂತೆ ಒಪ್ಪಿಕೊಳ್ಳಬೇಕು, ಅವಸರಪಡಿಸಬಾರದು, ಆಟದಲ್ಲಿ ಮಗುವೇ ಮುಂದೆ ನಡೆಯಬೇಕು, ಅವಶ್ಯವಿದ್ದಷ್ಟೇ ಮಿತಿಗಳನ್ನು ಹಾಕಬೇಕು ಎಂಬುವು ಅವುಗಳಲ್ಲಿ ಮುಖ್ಯ. ಮಾತಿನ ಚಿಕಿತ್ಸೆಯಲ್ಲೂ ಹೀಗೆಯೇ. ಮಗುವಿನ ಕಡೆಗೆ ಚೆಂಡನ್ನು ಉರುಳಿಸಿ, ಅದು ಒಂದು ದನಿ ಹೊರಡಿಸುವವರೆಗೆ ಕಾದು, ಮತ್ತೆ ಉರುಳಿಸುವ ಸರಳ ಆಟದಲ್ಲಿ ಸಂಭಾಷಣೆಯ ಮೂಲಪಾಠ ಅಡಗಿದೆ: ಒಮ್ಮೆ ನೀನು, ಒಮ್ಮೆ ನಾನು.

ಜೈನ ಪರಂಪರೆಯು ಬಾಲ್ಯವನ್ನೂ ಆಟವನ್ನೂ ತುಚ್ಛವಾಗಿ ಕಂಡಿಲ್ಲ. ಆದಿನಾಥ ತೀರ್ಥಂಕರರು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಗಳನ್ನೂ ಕಲಿಸಿದ ಪ್ರಸಂಗ ಆದಿಪುರಾಣದಲ್ಲಿದೆ. ಕ್ರಿ.ಶ. 941ರಲ್ಲಿ ಅದನ್ನು ಕನ್ನಡಿಸಿದ ಪಂಪನ ತಾಯಿಯ ತವರು ಇದೇ ಸೀಮೆಯ ಅಣ್ಣಿಗೇರಿ. ಆ ಪ್ರಸಂಗದಲ್ಲಿ ಬೆತ್ತವಿಲ್ಲ. ಮಕ್ಕಳನ್ನು ಹತ್ತಿರ ಕೂಡಿಸಿಕೊಂಡ ತಂದೆಯಿದ್ದಾನೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಕಾಪುರದಲ್ಲಿ ಪೂಜೆಗೊಂಡ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬಾಲಕ ವರ್ಧಮಾನನು ಒಡನಾಡಿಗಳೊಂದಿಗೆ ಮರದ ಮೇಲೆ ಆಡುತ್ತಿರುವಾಗ ಸಂಗಮದೇವನು ಸರ್ಪರೂಪದಿಂದ ಬರುವ ಕಥೆಯಿದೆ. ಉಳಿದ ಮಕ್ಕಳು ಓಡಿಹೋದರು. ವರ್ಧಮಾನನು ನಿರ್ಭಯನಾಗಿ ಸರ್ಪದೊಡನೆಯೇ ಆಡಿದನು. ಒಳಗಿರುವ ಧೈರ್ಯವೂ ಭಯವೂ ಆಟದಲ್ಲಿ ಹೊರಗೆ ಬರುತ್ತವೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಆದರೆ ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವಿದೆ. ಪರೀಕ್ಷಿಸಲು ಬಂದವನು ದೇವ; ಪರೀಕ್ಷೆಗೆ ಒಳಗಾದವನು ತೀರ್ಥಂಕರನಾಗಲಿದ್ದ ಆತ್ಮ. ಓಡಿಹೋದ ಮಕ್ಕಳ ಗತಿಯೇನು? ಇಂದಿನ ಶಾಲೆಯಲ್ಲೂ ಚಿಕಿತ್ಸೆಯಲ್ಲೂ ಹಿರಿಯರ ಕೈಗೆ ಬರುವವರು ಹೆಚ್ಚಾಗಿ ಆ ಮಕ್ಕಳೇ. ಆದುದರಿಂದ ವಿಧಾನದ ಶುದ್ಧಿಯನ್ನು ವ್ರತಗಳ ಬೆಳಕಿನಲ್ಲಿ ನೋಡಬೇಕಾಗುತ್ತದೆ.

ಮೊದಲನೆಯದು ದ್ಯೂತದ ಪ್ರಶ್ನೆ. ಸಪ್ತವ್ಯಸನಗಳಲ್ಲಿ ಜೂಜು ಮೊದಲನೆಯದಾಗಿ ಎಣಿಸಲ್ಪಟ್ಟಿದೆ. ಆಟಕ್ಕೂ ಜೂಜಿಗೂ ನಡುವಿನ ಗೆರೆ ದಾಳದಲ್ಲಿಲ್ಲ, ಪಣದಲ್ಲಿದೆ. ಅದೇ ಕವಡೆ ಪಣವಿಲ್ಲದಿದ್ದಾಗ ವಿನೋದ. ಪಣ ಬಂದೊಡನೆ ಒಬ್ಬನ ಲಾಭವೆಂದರೆ ಇನ್ನೊಬ್ಬನ ನಷ್ಟ. ವ್ಯಾಪಾರದಲ್ಲಿ ಕೊಟ್ಟವನಿಗೂ ಕೊಂಡವನಿಗೂ ಏನಾದರೂ ದೊರೆಯುತ್ತದೆ; ಜೂಜಿನ ಖಾತೆಯಲ್ಲಿ ಅಂಥ ಜಮೆಯೇ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾನೂನು ಹಣದ ಪಣವನ್ನು ಮಾತ್ರ ತಡೆಯಬಲ್ಲದು. ತರಗತಿಯ ಆಟದಲ್ಲಿ ಸೋತ ಮಗುವಿನ ಮಾನವನ್ನೇ ಪಣವಾಗಿ ಇಡುವುದುಂಟು: ಸೋತವರು ಬಾಗಿಲ ಬಳಿ ನಿಲ್ಲಬೇಕು, ಸೋತವರಿಗೆ ಎಲ್ಲರೂ ನಗಬೇಕು. ಹಣವಿಲ್ಲದಿದ್ದರೂ ಇದು ದ್ಯೂತದ ಗುಣವುಳ್ಳದ್ದೇ. ಕಲಿಕೆಗೆ ಬಳಸುವ ಆಟದಲ್ಲಿ ಸೋತ ಮಗು ಕಳೆದುಕೊಳ್ಳುವಂಥದ್ದು ಏನೂ ಇರಬಾರದು.

ಎರಡನೆಯದು ಬಹುಮಾನದ ಪ್ರಶ್ನೆ. ಇದು ಪರಿಗ್ರಹಕ್ಕೆ ಸೇರಿದ್ದು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಅಮೇರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ಸಹಜವಾದ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನಗಳ ನಂತರ ಯಾವ ಆಶೆಯನ್ನೂ ತೋರದೆ ಬಣ್ಣಗಳನ್ನು ಮುಂದಿಟ್ಟಾಗ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಬಹುಮಾನವು ಇದ್ದ ಪ್ರೀತಿಯನ್ನೇ ತಿಂದುಹಾಕಿತ್ತು. ಮಗು ಆಟದಲ್ಲಿ ಪಡೆಯುವ ಆನಂದವು ಅದರ ಸ್ವಂತ ಬಂಡವಾಳ. ಅದರ ಮೇಲೆ ಚಾಕಲೇಟಿನ, ನಕ್ಷತ್ರದ, ಬಿಲ್ಲೆಯ ಬಡ್ಡಿ ಕೊಡಲು ಹೊರಟರೆ ಮಗು ಬಡ್ಡಿಯನ್ನೇ ನೋಡತೊಡಗುತ್ತದೆ, ಅಸಲು ಕರಗುತ್ತದೆ. ಲೋಭವು ಕಷಾಯಗಳಲ್ಲಿ ಕೊನೆಯವರೆಗೆ ಉಳಿಯುವಂಥದ್ದೆಂದು ಸಿದ್ಧಾಂತ ಹೇಳುತ್ತದೆ. ಅದರ ಬೀಜವನ್ನು ಐದನೆಯ ವರ್ಷದಲ್ಲಿ ಧರ್ಮಪಾಠದ ಹೆಸರಿನಿಂದಲೇ ಬಿತ್ತುವುದು ಎಷ್ಟು ಉಚಿತ?

ಮೂರನೆಯದು ಸತ್ಯದ ಪ್ರಶ್ನೆ. ಆಟವೆಂದು ಕರೆದು ಪಾಠ ಮಾಡುವುದು ಬೆಲ್ಲದೊಳಗೆ ಮಾತ್ರೆಯಿಟ್ಟು ಕೊಟ್ಟಂತೆ. ಒಂದು ಸಲ ಮಾತ್ರೆ ನಾಲಿಗೆಗೆ ಸಿಕ್ಕಿತೆಂದರೆ ಮಗು ಮುಂದೆ ಬೆಲ್ಲವನ್ನೂ ನಂಬುವುದಿಲ್ಲ. ಒಳಗೊಂದು ಹೊರಗೊಂದು ಇರುವುದೇ ಮಾಯಾಕಷಾಯ. ಹಾಗೆಂದು ಆಟದಿಂದ ಕಲಿಸುವುದೆಲ್ಲ ವಂಚನೆಯಲ್ಲ. ಉದ್ದೇಶವನ್ನು ಮುಚ್ಚಿಟ್ಟಾಗ ಮಾತ್ರ ಅದು ವಂಚನೆಯಾಗುತ್ತದೆ. 'ನಾವು ಇಲ್ಲಿ ಆಡುತ್ತ ಅಂಕೆ ಕಲಿಯೋಣ', 'ನಿನ್ನ ಮನಸ್ಸಿನ ಭಾರ ಇಳಿಯಲೆಂದು ಈ ಕೋಣೆಯಲ್ಲಿ ಆಟಿಗೆಗಳಿವೆ. ಬೇಕಾದುದನ್ನು ತೆಗೆದುಕೊ, ಬೇಡವಾದರೆ ಸುಮ್ಮನೆ ಕುಳಿತಿರು' ಎಂದು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಲು ಅಡ್ಡಿಯೇನಿಲ್ಲ. ಹೇಳಿದ ಮೇಲೂ ಮಗು ಆಡುತ್ತದೆ. ಹೇಳದೆ ಆಡಿಸಿದವರು ಮಗುವಿನ ಬುದ್ಧಿಯನ್ನು ಕಡಿಮೆ ಅಂದಾಜು ಮಾಡಿದವರು. ಬೇಡವೆನ್ನುವ ಸ್ವಾತಂತ್ರ್ಯ ಇರುವವರೆಗೆ ಮಾತ್ರ ಅದು ಆಟ. ಕಡ್ಡಾಯವಾದೊಡನೆ ಅದಕ್ಕೆ ಆಟವೆಂಬ ಹೆಸರಷ್ಟೇ ಉಳಿಯುತ್ತದೆ.

ನಾಲ್ಕನೆಯದಾದ ಅಚೌರ್ಯದ ಪ್ರಶ್ನೆ ಬಹಳ ಜನರ ಲಕ್ಷ್ಯಕ್ಕೆ ಬಂದಿರಲಾರದು. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂಬುದು ಜೈನಾಚಾರದ ವ್ಯಾಖ್ಯೆ. ಮಗು ಗೊಂಬೆಯ ಆಟದಲ್ಲಿ ಮನೆಯ ಜಗಳವನ್ನು ತೋರಿಸಿತೆನ್ನೋಣ. ಅದು ಆಡಿತೇ ಹೊರತು ಆ ಸಂಗತಿಯನ್ನು ಊರಿಗೆ ಹಂಚಿರೆಂದು ಕೊಡಲಿಲ್ಲ. ಶಿಕ್ಷಕರು ಅದನ್ನು ಸಿಬ್ಬಂದಿಯ ಕೋಣೆಯಲ್ಲಿ ನಗೆಯಾಡಿದರೆ, ತಂದೆತಾಯಿಗಳು 'ಹೊರಗೆ ಏನು ಹೇಳಿದೆ?' ಎಂದು ಮಗುವನ್ನು ಗದರಿಸಿದರೆ, ಕೊಡದ ವಸ್ತುವನ್ನು ಎತ್ತಿಕೊಂಡಂತಾಯಿತು. ಆದರೆ ಈ ನಿಯಮಕ್ಕೆ ಒಂದು ಎಲ್ಲೆಯಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ಮಗುವಿಗೆ ಇನ್ನಷ್ಟು ಹಿಂಸೆ. ಆದುದರಿಂದಲೇ 'ಯಾರಿಗೂ ಹೇಳುವುದಿಲ್ಲ' ಎಂಬ ಭಾಷೆಯನ್ನು ಮಗುವಿಗೆ ಕೊಡಬಾರದು. 'ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ' ಎಂಬುದು ಸತ್ಯಕ್ಕೂ ಅಚೌರ್ಯಕ್ಕೂ ಒಪ್ಪುವ ಮಾತು.

ಕೊನೆಯದು ಮತ್ತು ಎಲ್ಲಕ್ಕಿಂತ ಕಠಿಣವಾದದ್ದು ಅಹಿಂಸೆಯ ಪ್ರಶ್ನೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ಜೈನ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಜೀವವನ್ನು ಬಲಿಕೊಡಲು ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಹಿಟ್ಟಿಗೆ ಪ್ರಾಣವಿರಲಿಲ್ಲ, ಆದರೂ ಆ ಸಂಕಲ್ಪಹಿಂಸೆಯಿಂದ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಹೀಗಿರುವಲ್ಲಿ, ಚಿಕಿತ್ಸೆಯ ಕೋಣೆಯಲ್ಲಿ ಮಗು ಬಟ್ಟೆಯ ಗೊಂಬೆಯನ್ನು ನೆಲಕ್ಕೆ ಬಡಿಯುತ್ತಿದ್ದರೆ ಚಿಕಿತ್ಸಕರು ಸುಮ್ಮನೆ ನೋಡುತ್ತಿರಬಹುದೆ? ಹಿಟ್ಟಿನ ಕೋಳಿಗೂ ಬಟ್ಟೆಯ ಗೊಂಬೆಗೂ ಭೇದವೇನು? ಶ್ರದ್ಧಾವಂತ ತಂದೆತಾಯಿಗಳು ಈ ಶಂಕೆಯನ್ನೆತ್ತಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಭೇದವಿರುವುದು ಸಂಕಲ್ಪದಲ್ಲಿ. ಯಶೋಧರನು ಪ್ರೌಢ, ಕೊಲ್ಲುವುದು ತಪ್ಪೆಂದು ಬಲ್ಲವನು. ಕೊಲೆಯಿಂದ ದೊರೆಯುವ ಫಲವನ್ನು ಬಯಸಿ, ಕೋಳಿಯ ಸ್ಥಾನದಲ್ಲಿ ಹಿಟ್ಟನ್ನಿಟ್ಟು, ಕತ್ತಿಯೆತ್ತಿದನು. ಮಗುವಿನಲ್ಲಿ ಅಂಥ ನಿಶ್ಚಯವಿಲ್ಲ. ಅದು ತನಗೆ ಆದದ್ದನ್ನು ತೋರಿಸುತ್ತಿದೆ. ಅನೇಕ ವೇಳೆ ಪೆಟ್ಟು ತಿಂದ ಮಗುವೇ ಗೊಂಬೆಗೆ ಹೊಡೆಯುವುದು. ಹಿಂಸೆಯ ಮೂಲವು ಪ್ರಮಾದ ಮತ್ತು ಕಷಾಯಗಳಲ್ಲಿದೆಯೆಂದು ಉಮಾಸ್ವಾತಿಗಳೂ ಅಮೃತಚಂದ್ರಸೂರಿಗಳೂ ಪ್ರತಿಪಾದಿಸಿದ್ದಾರೆ. ಆ ದೃಷ್ಟಿಯಿಂದ ನೋಡಿದರೆ ಆ ಕೋಣೆಯಲ್ಲಿ ಪೂರ್ಣವಾದ ಸಂಕಲ್ಪವುಳ್ಳವರು ಚಿಕಿತ್ಸಕರೊಬ್ಬರೇ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರರಲ್ಲಿ ಆಟದ ಸಾಮಗ್ರಿಯನ್ನಿಟ್ಟವರು 'ಮಾಡಿಸಿದವರು'. ನೋಡುತ್ತ ಕುಳಿತವರು 'ಅನುಮೋದಿಸಿದವರು'. ಪುಣ್ಯಪಾಪದ ಹೊಣೆ ಇಲ್ಲಿ ಹಿರಿಯರ ಮೇಲೆ ಬೀಳುತ್ತದೆ.

ಹಾಗಾದರೆ ಸಿಟ್ಟನ್ನು ಹೊರಗೆ ಹಾಕಿದರೆ ಸಿಟ್ಟು ತೀರಿತೆಂಬ ಜನಪ್ರಿಯ ನಂಬಿಕೆ ಸರಿಯೆ? ಇಲ್ಲಿ ಆಧುನಿಕ ಸಂಶೋಧನೆಯು ಆಚಾರ್ಯರ ಕಡೆಗೇ ವಾಲುತ್ತದೆ. ಬ್ರಾಡ್ ಬುಶ್ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಅವಮಾನಿಸಿದವರನ್ನು ನೆನೆಯುತ್ತ ಮುಷ್ಟಿಯುದ್ಧದ ಚೀಲಕ್ಕೆ ಗುದ್ದಿದ ಕಾಲೇಜು ವಿದ್ಯಾರ್ಥಿಗಳು, ಏನೂ ಮಾಡದೆ ಸುಮ್ಮನೆ ಕುಳಿತವರಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದುದು ಕಂಡುಬಂತು. ಗುದ್ದುವುದರಿಂದ ಕ್ರೋಧಕ್ಕೆ ಅಭ್ಯಾಸವಾಗುತ್ತದೆ. ಆದುದರಿಂದ ಗೊಂಬೆಯನ್ನು ಹೊಡೆಯಲು ಬಿಟ್ಟಮಾತ್ರಕ್ಕೆ ಚಿಕಿತ್ಸೆಯಾಯಿತೆಂದು ತಿಳಿಯಬಾರದು. ಬಲ್ಲ ಚಿಕಿತ್ಸಕರು 'ಈ ಗೊಂಬೆಯ ಮೇಲೆ ನಿನಗೆ ಬಹಳ ಸಿಟ್ಟಿದೆ' ಎಂದು ಮಗುವಿನ ಭಾವಕ್ಕೆ ಹೆಸರು ಕೊಡುತ್ತಾರೆ. ತನಗಾಗಲಿ ಇತರರಿಗಾಗಲಿ ಪೆಟ್ಟಾಗುವ ಹಂತದಲ್ಲಿ ಕೈ ಹಿಡಿದು ನಿಲ್ಲಿಸುತ್ತಾರೆ. ಸಿಟ್ಟಿನ ಕೆಳಗಿರುವ ಭಯ ಕಾಣಿಸಿಕೊಳ್ಳುವವರೆಗೆ ಕಾಯುತ್ತಾರೆ.

ಗದರಿಸಿ ಸುಮ್ಮನಾಗಿಸುವುದೂ ಉಪಾಯವಲ್ಲ. ಚಿಲ್ಲದ ಬೀಜ ಹಾಕಿದ ನೀರಿನಲ್ಲಿ ಕೆಸರು ತಳಕ್ಕಿಳಿದು ನೀರು ತಿಳಿಯಾಗಿ ಕಾಣುತ್ತದೆ. ಕೊಡವನ್ನು ಅಲುಗಿಸಿದರೆ ಮತ್ತೆ ಕದಡುತ್ತದೆ. ಉಪಶಮಕ್ಕೂ ಕ್ಷಯಕ್ಕೂ ಇರುವ ಅಂತರವನ್ನು ತಿಳಿಸಲು ಶಾಸ್ತ್ರಕಾರರು ಬಳಸಿದ ದೃಷ್ಟಾಂತವಿದು. ಮೋಹವನ್ನು ಉಪಶಮಗೊಳಿಸಿ ಹನ್ನೊಂದನೆಯ ಗುಣಸ್ಥಾನವನ್ನು ಮುಟ್ಟಿದ ಮುನಿಯೂ ಕೆಳಗೆ ಜಾರುತ್ತಾನೆ. ಅಷ್ಟು ಎತ್ತರದ ಮಾತನ್ನು ಮಗುವಿಗೆ ಅನ್ವಯಿಸುವಂತಿಲ್ಲವಾದರೂ ದೃಷ್ಟಾಂತ ಉಪಯುಕ್ತವಾದದ್ದು. ಹೆದರಿಕೆಯಿಂದ ಸುಮ್ಮನಾದ ಮಗು ತಿಳಿನೀರಿನಂತೆ ಕಾಣುವ ಕೊಡ. ಕೆಸರನ್ನು ಮೆಲ್ಲಗೆ ಹೊರತೆಗೆಯುವುದು ಆಟದ ಚಿಕಿತ್ಸೆಯ ಗುರಿ.

ಈ ವಿಧಾನದ ವಿರುದ್ಧ ಹೇಳುವವರ ಮಾತಿನಲ್ಲೂ ತಥ್ಯವಿದೆ. ಎಲ್ಲವನ್ನೂ ಆಟವಾಗಿಸಿದರೆ ಬೇಸರವನ್ನು ಸಹಿಸುವ ಶಕ್ತಿ ಮಗುವಿಗೆ ಬರುವುದು ಯಾವಾಗ? ಮಗ್ಗಿಯನ್ನು ಬಾಯಿಪಾಠ ಮಾಡಲೇಬೇಕು. ಸಾಮಾಯಿಕದಲ್ಲಿ ಅಲುಗದೆ ಕುಳಿತಿರಲು ಅಭ್ಯಾಸವೇ ಬೇಕು. ಇನ್ನೊಂದು ಕಡೆ, ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ನೋಡಬೇಕಾದಲ್ಲಿ ಆಟದ ಕಾರ್ಡುಗಳೂ ಯಾಂತ್ರಿಕವಾಗುವ ಭಯವಿದೆ. ಇದಕ್ಕೆ ಅನೇಕಾಂತದ ಉತ್ತರವೇ ಸರಿಯಾದದ್ದು. ಆಟವು ಕಲಿಕೆಯ ಬಾಗಿಲು. ಒಳಗೆ ಬಂದ ಮೇಲೆ ದುಡಿಮೆಯೂ ಇದೆ. ಬಾಗಿಲನ್ನು ಮುಚ್ಚಿ ಮಗುವನ್ನು ಒಳಗೆ ಬಾ ಎಂದು ಗದರಿಸುವುದೂ, ಬಾಗಿಲಲ್ಲೇ ಜೀವನವಿಡೀ ಕೂಡಿಸುವುದೂ ಎರಡೂ ಏಕಾಂತಗಳೇ.

ಜೈನರಿಗೆ ಈ ವಿಷಯದಲ್ಲಿ ಸ್ವಂತದ್ದೊಂದು ಆಸ್ತಿಯೂ ಇದೆ. ಇಂದು ಅಂಗಡಿಗಳಲ್ಲಿ ದೊರೆಯುವ ಹಾವು-ಏಣಿ ಆಟದ ಮೂಲವು ಭಾರತದ ಜ್ಞಾನಚೌಪಡದಲ್ಲಿದೆ. ಅದರ ಜೈನ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು, ಏಣಿಗಳು ಸದ್ಗುಣಗಳಿಂದ ಮೇಲಕ್ಕೆ, ಹಾವುಗಳು ದುರ್ಗುಣಗಳಿಂದ ಕೆಳಕ್ಕೆ, ತುದಿಯಲ್ಲಿ ಸಿದ್ಧಶಿಲೆ. ಗುಜರಾತ ಮತ್ತು ರಾಜಸ್ಥಾನಗಳಲ್ಲಿ ಪರ್ಯೂಷಣದ ದಿನಗಳಲ್ಲಿ ಇದನ್ನು ಆಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋದ ಆಟವು ಕ್ರಮೇಣ ನೀತಿಯನ್ನು ಕಳಚಿಕೊಂಡು ಬರಿಯ ಓಟವಾಗಿ ಉಳಿಯಿತು. ಇದರಲ್ಲೂ ಒಂದು ಕೊರತೆಯುಂಟು: ಕವಡೆ ಬೀಳುವುದು ಆಕಸ್ಮಿಕ, ಕರ್ಮಫಲ ಆಕಸ್ಮಿಕವಲ್ಲ. ಆದುದರಿಂದ ಪಾಠಶಾಲೆಯಲ್ಲಿ ಇದನ್ನು ಆಡಿಸುವವರು ಹಾವು ಕಚ್ಚಿದಾಗಲೆಲ್ಲ ಒಂದು ಗಳಿಗೆ ನಿಲ್ಲಿಸಿ, ಕ್ರೋಧದ ಹಾವು ಯಾವಾಗ ಬರುತ್ತದೆ, ಆಗ ಏನು ಮಾಡಬಹುದಿತ್ತು ಎಂದು ಮಕ್ಕಳನ್ನೇ ಕೇಳಬೇಕು. ಆಕಸ್ಮಿಕವು ಅಲ್ಲಿ ವಿಚಾರಕ್ಕೆ ತಿರುಗುತ್ತದೆ.

ಬಸದಿಯ ಟ್ರಸ್ಟುಗಳು ಇದರಲ್ಲಿ ಮಾಡಬಹುದಾದ ಕೆಲಸ ಸಣ್ಣದೂ ಅಲ್ಪವೆಚ್ಚದ್ದೂ ಆಗಿದೆ. ದಶಲಕ್ಷಣ ಪರ್ವದಲ್ಲಿ ಮಕ್ಕಳ ಸ್ಪರ್ಧೆಗಳನ್ನು ಏರ್ಪಡಿಸಿ ಸ್ಟೀಲಿನ ಡಬ್ಬಿಗಳನ್ನು ಹಂಚುವ ಬದಲು, ಒಂದು ವರ್ಷ ಆ ಹಣದಿಂದ ನೆಲದ ಮೇಲೆ ಹಾಸುವಂಥ ಜ್ಞಾನಚೌಪಡದ ಪಟವನ್ನು ಬರೆಯಿಸಬಹುದು. ಮಾತು ತಡವಾದ, ನಾಲ್ಕು ಜನರೊಡನೆ ಬೆರೆಯದ ಮಗುವನ್ನು 'ದೊಡ್ಡವನಾದ ಮೇಲೆ ಸರಿಹೋಗುತ್ತಾನೆ' ಎಂದು ಬಿಡದೆ ತಜ್ಞರಿಗೆ ತೋರಿಸುವಂತೆ ತಂದೆತಾಯಿಗಳಿಗೆ ತಿಳಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳ ಮಕ್ಕಳಿಗೆ ಬೆಳವಣಿಗೆಯ ತೊಂದರೆಗಳಿಗಾಗಿಯೂ ತಪಾಸಣೆಯುಂಟು. ತಿರ್ಲಾಪುರದಿಂದ ಧಾರವಾಡದ ಡಿಮ್ಹಾನ್ಸ್ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ಕುಲಕ್ಕೆ ಕುಂದೆಂಬ ಸಂಕೋಚವನ್ನು ಸಮಾಜದ ಹಿರಿಯರು ತಾವೇ ಮುಂದೆ ನಿಂತು ತೊಲಗಿಸಬೇಕು. ಔಷಧದಾನ, ಅಭಯದಾನಗಳಿಗೆ ಇದಕ್ಕಿಂತ ಸಮೀಪದ ಅರ್ಥವಿರಲಾರದು.

ಭರತ ಬಾಹುಬಲಿಗಳ ನಡುವೆ ಸೈನ್ಯಗಳ ಯುದ್ಧವನ್ನು ತಪ್ಪಿಸಿ, ದೃಷ್ಟಿಯುದ್ಧ ಜಲಯುದ್ಧ ಮಲ್ಲಯುದ್ಧಗಳನ್ನು ಏರ್ಪಡಿಸಿದವರು ಮಂತ್ರಿಗಳು. ರಕ್ತ ಹರಿಯಬೇಕಾದಲ್ಲಿ ನಿಯಮವುಳ್ಳ ಸ್ಪರ್ಧೆಯನ್ನಿಟ್ಟ ಆ ಹಿರಿಯರ ಸಂಕಲ್ಪ ಶುದ್ಧವಾಗಿತ್ತು. ಆದರೆ ಗೆದ್ದ ಮೇಲೆ ಏನು ಮಾಡಬೇಕೆಂಬುದನ್ನು ಅವರು ಬಾಹುಬಲಿಗೆ ಹೇಳಿಕೊಡಲಿಲ್ಲ. ಅದನ್ನು ಆತನೇ ಕಂಡುಕೊಂಡನು. ಮಕ್ಕಳ ಆಟವನ್ನು ಏರ್ಪಡಿಸುವವರ ಹೊಣೆಯೂ ಅಷ್ಟೇ. ಪಣವಿಲ್ಲದ, ಕಪಟವಿಲ್ಲದ, ಯಾರಿಗೂ ಪೆಟ್ಟಾಗದ ಒಂದು ಅಂಗಳವನ್ನು ಗುಡಿಸಿ ಕೊಡುವುದು ಅವರ ಕೆಲಸ. ಅಲ್ಲಿ ಏನನ್ನು ಕಂಡುಕೊಳ್ಳಬೇಕೆಂಬುದು ಮಗುವಿಗೆ ಬಿಟ್ಟದ್ದು.